ಮೇಲ್ ಖಾತೆ ನಿಮ್ಮದು, ಮೊಬೈಲ್ ನಂಬರ್ ಯಾರದು?

ಪಿಯುಸಿ ಫಲಿತಾಂಶ ಬಂದ ಮೇಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಆನ್‌ಲೈನ್ ಅಂಗಡಿಗಳ ಮುಂದೆ ಪಾಳಿ ಹಚ್ಚುವ ಮಕ್ಕಳಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು: ‘ಮೇಲ್ ಐಡಿ ಐತೇನು?’ ಇಲ್ಲ ಅಂದರೆ, ‘ಇರ್ಲಿ ಬಿಡು ತಮ್ಮಾ, ನಾನಾ ಮಾಡಿಕೊಡ್ತೀನಿ’ ಎಂಬ ಭರವಸೆ. ಕೆಲವೇ ನಿಮಿಷದಲ್ಲಿ ಜಿಮೇಲ್ ಖಾತೆ ತಯಾರು, ಅರ್ಜಿ ಮುಂದಕ್ಕೆ. ಒಂದೆರಡು ವರ್ಷ ಕಳೆದು ವಿದ್ಯಾರ್ಥಿವೇತನಕ್ಕೋ ನೌಕರಿಗೋ ಅದೇ ಖಾತೆ ಬೇಕಾದಾಗ ಪಾಸ್‌ವರ್ಡ್ ತಪ್ಪು ಎನ್ನುತ್ತದೆ, ಒಟಿಪಿ ಇನ್ಯಾರದೋ ಫೋನಿಗೆ ಹೋಗುತ್ತದೆ. ಹುಡುಗ ಮರೆತ ಎಂದು ಮನೆಯವರು ಬೈಯುತ್ತಾರೆ. ಆ ಬೈಗುಳ ನ್ಯಾಯವಲ್ಲ. ಇಂಥ ಖಾತೆಗಳು ಕೈತಪ್ಪುವುದು ಮರೆತ ದಿನವಲ್ಲ, ತೆರೆದ ದಿನವೇ. ಅಂಗಡಿಯ ರೂಢಿ, ಕಂಪನಿಯ ನಿಯಮ, ಸಂಸ್ಥೆಗಳ ಅರ್ಜಿ ನಮೂನೆ, ಈ ಮೂರನ್ನೂ ಪರೀಕ್ಷಿಸದೆ ಇದಕ್ಕೆ ಪರಿಹಾರವಿಲ್ಲ.

ಅಂಗಡಿಯವರ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. 1998ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಈ ಸೀಮೆಯಲ್ಲಿ ಮನೆಗೊಂದು ಕಂಪ್ಯೂಟರ್ ಎಂಬುದು ದೂರದ ಮಾತು. ಆದಾಯ, ಜಾತಿ ಪ್ರಮಾಣಪತ್ರ, ಸೇವಾ ಸಿಂಧು ಅರ್ಜಿ, ವಿದ್ಯಾರ್ಥಿವೇತನ, ಸಿಇಟಿ, ನೀಟ್ ಎಲ್ಲವೂ ಪರದೆಯ ಮೇಲೆ ಸಾಗುವ ಕಾಲದಲ್ಲಿ, ಇಂಗ್ಲಿಷ್ ನಮೂನೆಯ ಮುಂದೆ ಕಂಗಾಲಾಗುವ ತಂದೆತಾಯಿಗೆ ಆಸರೆಯಾದದ್ದು ಇದೇ ಅಂಗಡಿ. 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳೂ ಅದೇ ಕೆಲಸವನ್ನು ಹಳ್ಳಿಗೆ ತಂದವು. ಕೊನೆಯ ದಿನ, ಕರೆಂಟ್ ಹೋಗಿ ಬಂದು ಮಾಡುವ ಹೊತ್ತಿನಲ್ಲೂ ಕೂತು ಅರ್ಜಿ ತುಂಬುವ ಆಪರೇಟರನ ದುಡಿಮೆ ಸಣ್ಣದಲ್ಲ.

ಆದರೆ ಆ ಅವಸರದಲ್ಲಿ ಆಗುವ ತಪ್ಪುಗಳು ವರ್ಷಗಟ್ಟಲೆ ಕಾಡುತ್ತವೆ. ಖಾತೆಗೆ ಫೋನ್ ನಂಬರ್ ಬೇಕಾದಾಗ, ಹುಡುಗನ ಬಳಿ ಮೊಬೈಲ್ ಇಲ್ಲದಿದ್ದರೆ ಆಪರೇಟರ್ ತನ್ನದನ್ನೇ ಹಾಕುತ್ತಾನೆ. ನೆನಪಿರಲೆಂದು ಬಂದವರಿಗೆಲ್ಲ ಒಂದೇ ಪಾಸ್‌ವರ್ಡ್ ಕೊಡುವವರೂ ಇದ್ದಾರೆ. ಹುಟ್ಟಿದ ದಿನಾಂಕಕ್ಕೆ ಕೈಗೆ ಸಿಕ್ಕ ಅಂಕಿ ಬೀಳುತ್ತದೆ. ಗವಿಸಿದ್ದಪ್ಪ, ಯಮನೂರಪ್ಪ, ಹುಲಿಗೆಮ್ಮ ಇಂಥ ಹೆಸರುಗಳನ್ನು ಇಂಗ್ಲಿಷಿನಲ್ಲಿ ಅಂಕಪಟ್ಟಿ ಒಂದು ರೀತಿ, ಆಧಾರ್ ಇನ್ನೊಂದು ರೀತಿ, ಅಂಗಡಿ ಮತ್ತೊಂದು ರೀತಿ ಬರೆಯುತ್ತದೆ. ಒಂದೆಡೆ ಎರಡು ಡಿ, ಇನ್ನೊಂದೆಡೆ ಡಿ ಜೊತೆ ಎಚ್. ಮೇಲ್ ವಿಳಾಸವನ್ನೇ ಮರೆತವರು ಅದನ್ನು ಹುಡುಕಲು ಗೂಗಲ್‌ಗೆ ಖಾತೆಯಲ್ಲಿರುವ ನಂಬರ್ ಅಥವಾ ಮರುಪಡೆಯುವ ಇಮೇಲ್, ಜೊತೆಗೆ ಅಲ್ಲಿ ನಮೂದಾದ ಪೂರ್ಣ ಹೆಸರು ಕೊಡಬೇಕು. ನಂಬರ್ ಅಂಗಡಿಯದು, ಹೆಸರಿನ ಸ್ಪೆಲ್ಲಿಂಗ್ ಆಪರೇಟರನದು. ಖಾತೆದಾರನ ಕೈಯಲ್ಲಿ ಉಳಿಯುವುದು ಒಂದು ಚೀಟಿ ಮಾತ್ರ. ಅದೂ ಅರ್ಜಿಯ ಝೆರಾಕ್ಸ್ ಜೊತೆ ಎಲ್ಲೋ ಸೇರಿಹೋಗಿರುತ್ತದೆ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದೇ ಇಂಥ ಸನ್ನಿವೇಶಕ್ಕೆ ಎಂಬುದು ಗಮನಾರ್ಹ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಸಂಗಡಿಗರು ಹಲವರು ಹಂಚಿಕೊಂಡು ಬಳಸುವ ಒಂದು ಯಂತ್ರ ವ್ಯವಸ್ಥೆ ರೂಪಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟರು. ಹತ್ತಾರು ಜನ ಒಂದೇ ಯಂತ್ರದ ಮುಂದೆ ಕೂರುವ ನಮ್ಮ ಅಂಗಡಿಗೆ ಆ ನಿಯಮ ಎಲ್ಲರಿಗಿಂತ ಹೆಚ್ಚು ಅಗತ್ಯ. ಅದು ಸಡಿಲವಾಗಿರುವುದೂ ಅಲ್ಲೇ.

ಇನ್ನು ಕಂಪನಿಯ ಪಾಲು. 2004ರ ಏಪ್ರಿಲ್ 1ರಂದು ಬಂದ ಜಿಮೇಲ್ ಉಚಿತ, ಕನ್ನಡದಲ್ಲೂ ಬಳಸಬಹುದು, ಕಳ್ಳರನ್ನು ತಡೆಯುವುದರಲ್ಲಿ ಬಿಗಿಯಾಗಿದೆ. ಖಾತೆ ಮರಳಿ ಪಡೆಯಲು ಬಂದವರನ್ನು ಅದು ಸುಲಭವಾಗಿ ನಂಬುವುದಿಲ್ಲ. ಹಳೆಯ ಪಾಸ್‌ವರ್ಡ್ ಕೇಳುತ್ತದೆ, ನೋಂದಾಯಿತ ಫೋನಿಗೆ ಸಂಕೇತ ಕಳಿಸುತ್ತದೆ, ಹಿಂದೆ ಬಳಸಿದ ಸಾಧನ ಮತ್ತು ಸ್ಥಳವನ್ನು ಗಮನಿಸುತ್ತದೆ. ನಿಜವಾದ ಖಾತೆದಾರನ ರಕ್ಷಣೆಗೆ ಈ ಬಿಗಿ ಬೇಕು, ಅದನ್ನು ನಾನು ದೂರುವುದಿಲ್ಲ.

ನನ್ನ ತಕರಾರು ಆ ವ್ಯವಸ್ಥೆಯ ಕಲ್ಪನೆಯ ಬಗ್ಗೆ. ಒಬ್ಬ ಮನುಷ್ಯ, ಅವನದೇ ಒಂದು ಫೋನ್, ಬದಲಾಗದ ಒಂದು ನಂಬರ್ ಎಂದು ಅದು ಭಾವಿಸಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಬಯಲಿನಲ್ಲಿ ಇದು ಒಂದಿಷ್ಟು ಮನೆಗಳಿಗೆ ಒಪ್ಪೀತು. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಮನೆಗೆ ಇರುವ ಒಂದೇ ಫೋನು ಅಪ್ಪನ ಜೊತೆ ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋಗಿರುತ್ತದೆ. ರೀಚಾರ್ಜ್ ಮಾಡಿಸದ ಸಿಮ್ ಬಂದ್ ಆಗುತ್ತದೆ. ಬಂದ್ ಆದ ನಂಬರ್ ಕೆಲ ಕಾಲದ ನಂತರ ಬೇರೆಯವರಿಗೆ ಹಂಚಿಕೆಯಾಗುತ್ತದೆ. ಆಗ ಈ ಮನೆಯ ಮಗಳ ಒಟಿಪಿ ಯಾವುದೋ ಊರಿನ ಅಪರಿಚಿತನ ಫೋನಿನಲ್ಲಿ ಬೀಳುತ್ತದೆ. ಪರದೆ ಕನ್ನಡದಲ್ಲಿ ಕಂಡರೂ ಪಾಸ್‌ವರ್ಡ್ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಲ್ಲೇ ಇರಬೇಕು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಅರ್ಜಿ ಹಾಕುವಾಗ ಮಾತ್ರ ಮೇಲ್ ತೆರೆಯುವವರಿಗೆ ಇದು ದೊಡ್ಡ ಅಪಾಯ.

ಅರ್ಜಿ ಕರೆಯುವ ಸಂಸ್ಥೆಗಳೂ ಇದರಲ್ಲಿ ಪಾಲುದಾರರು. ನೀಟ್‌ನ ಸೂಚನೆಯಲ್ಲಿ ಅಭ್ಯರ್ಥಿಯ ಅಥವಾ ಪೋಷಕರ ನಂಬರ್, ಇಮೇಲ್ ಮಾತ್ರ ಕೊಡಿ ಎಂದಿರುತ್ತದೆ. ಸೂಚನೆ ಸರಿ, ಆದರೆ ಆ ಇಮೇಲ್ ತೆರೆದು ಬಳಸಲು ಕಲಿಸುವವರು ಯಾರು? ಪ್ರೌಢಶಾಲೆಯ ಒಂದು ತರಗತಿ ಸಾಕು, ಮಗು ತನ್ನ ಖಾತೆಯನ್ನು ತಾನೇ ತೆರೆಯುವುದನ್ನು ಕಲಿಯುತ್ತದೆ. ಇಮೇಲನ್ನು ಕಡ್ಡಾಯ ಮಾಡಿ, ಆ ಕಲಿಕೆಯನ್ನು ಅಂಗಡಿಯ ಪಾಲಿಗೆ ಬಿಟ್ಟದ್ದು ನಮ್ಮ ಶಿಕ್ಷಣ ವ್ಯವಸ್ಥೆಯ ಕೊರತೆ.

ಈಗಾಗಲೇ ಸಿಕ್ಕಿಕೊಂಡವರು ಕೈಚೆಲ್ಲಬೇಕಿಲ್ಲ. ಖಾತೆ ತೆರೆದ ಅದೇ ಅಂಗಡಿಗೆ ಹೋಗಿ, ಸಾಧ್ಯವಾದರೆ ಅದೇ ಕಂಪ್ಯೂಟರ್, ಅದೇ ಬ್ರೌಸರಿನಲ್ಲಿ ‘ಪಾಸ್‌ವರ್ಡ್ ಮರೆತಿರಾ’ ಎಂಬಲ್ಲಿಂದ ಪ್ರಯತ್ನಿಸಿ. ಗೂಗಲ್ ಗುರುತಿಸುವ ಯಂತ್ರ ಅದು, ಗೆಲ್ಲುವ ಅವಕಾಶ ಅಲ್ಲೇ ಹೆಚ್ಚು. ಆಪರೇಟರನ ನಂಬರಿದ್ದರೆ ಆತ ಎದುರಿಗಿದ್ದಾಗಲೇ ಸಂಕೇತ ಪಡೆಯಿರಿ. ನೆನಪಿನಲ್ಲಿರುವ ಯಾವುದೇ ಹಳೆಯ ಪಾಸ್‌ವರ್ಡ್ ಕೊಡಿ, ಪ್ರಶ್ನೆ ಬಿಟ್ಟು ಮುಂದೆ ಹೋಗಬೇಡಿ. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ, ಜಿಮೇಲ್ ವಿಳಾಸದಲ್ಲಿ ಆ ವ್ಯತ್ಯಾಸವಿಲ್ಲ, ನಡುವಿನ ಚುಕ್ಕಿಗೂ ಬೆಲೆಯಿಲ್ಲ. ಲಾಗಿನ್ ಆದರೂ ಮೇಲ್ ಬರುತ್ತಿಲ್ಲವೆಂದರೆ 15 ಜಿಬಿ ಜಾಗ ಫೋಟೋಗಳಿಂದ ತುಂಬಿದೆಯೇ ನೋಡಿ.

ಒಳಗೆ ಹೋದ ತಕ್ಷಣ ಪಾಸ್‌ವರ್ಡ್ ಬದಲಿಸಿ, ಅಂಗಡಿಯ ನಂಬರ್ ತೆಗೆದು ಮನೆಯಲ್ಲೇ ಉಳಿಯುವ ನಂಬರ್ ಹಾಕಿ, ನಂಬಿಕೆಯ ಬಂಧುವಿನ ಇಮೇಲನ್ನೂ ಸೇರಿಸಿ. ಬದಲಿಸಿದ ಮೇಲೂ 7 ದಿನದವರೆಗೆ ಹಳೆಯ ನಂಬರಿಗೆ ಸಂಕೇತ ಹೋಗಬಹುದು, ಎಚ್ಚರವಿರಲಿ. ಭದ್ರತೆಯ ವಿಭಾಗದಲ್ಲಿ ಕಾಣುವ ಬೇರೆ ಸಾಧನಗಳಿಂದ ಖಾತೆಯನ್ನು ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಉದ್ದವಾಗಿರಲಿ, ನಿಮಗೆ ಮಾತ್ರ ಹೊಳೆಯುವ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ಸಾಕು. ಕ್ಲಿಷ್ಟ ಚಿಹ್ನೆಗಳಿಗಿಂತ ಉದ್ದ ಮುಖ್ಯವೆಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯೂ 2017ರ ಮಾರ್ಗಸೂಚಿಯಲ್ಲಿ ಒಪ್ಪಿದೆ. ಪಾಸ್‌ವರ್ಡ್ ಬರೆದ ಹಾಳೆ ಅಂಕಪಟ್ಟಿಯ ಫೈಲಿನಲ್ಲಿ, ಮನೆಯ ಪೆಟ್ಟಿಗೆಯಲ್ಲಿರಲಿ. ಎಷ್ಟು ಮಾಡಿದರೂ ಖಾತೆ ಸಿಗದಿದ್ದರೆ ಹೊಸದು ತೆರೆದು, ಅರ್ಜಿ ಹಾಕಿದ ಸಂಸ್ಥೆಗಳಿಗೆ ಅದನ್ನು ತಿಳಿಸುವುದೇ ದಾರಿ.

ಖಾತೆ ಬಿಡಿಸಿಕೊಡುತ್ತೇನೆಂದು ಫೋನಿನಲ್ಲಿ ದುಡ್ಡು ಕೇಳುವವರನ್ನು ನಂಬಬೇಡಿ. ಈ ಕೆಲಸಕ್ಕೆ ಗೂಗಲ್ ಶುಲ್ಕ ಪಡೆಯುವುದಿಲ್ಲ, ಕರೆ ಮಾಡಿ ಒಟಿಪಿ ಕೇಳುವುದಿಲ್ಲ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಟ್ಟಾರೆ ನನ್ನ ತೀರ್ಮಾನ ಇಷ್ಟು: ಜಿಮೇಲ್ ಗಟ್ಟಿ ವ್ಯವಸ್ಥೆ, ಆದರೆ ಒಂದೇ ಫೋನಿನ ಮನೆಯನ್ನು ಅದು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಅಂಗಡಿಯ ಸೇವೆ ಬೇಕಾದದ್ದು, ಅದರ ರೂಢಿ ಬದಲಾಗಬೇಕಾದದ್ದು. ಆಪರೇಟರ್ ಅಣ್ಣಂದಿರೇ, ಕೀಬೋರ್ಡನ್ನು ಹುಡುಗನ ಕಡೆ ತಿರುಗಿಸಿ, ಪಾಸ್‌ವರ್ಡನ್ನು ಅವನೇ ಒತ್ತಲಿ, ನಂಬರ್ ಅವನ ಮನೆಯದೇ ಇರಲಿ. ತಂದೆತಾಯಿಗಳೇ, ಮುಂದಿನ ಅರ್ಜಿಯ ಗದ್ದಲ ಶುರುವಾಗುವ ಮೊದಲೇ ಮಕ್ಕಳ ಮೇಲ್ ಖಾತೆ ಒಮ್ಮೆ ತೆರೆಸಿ ನೋಡಿ, ಅದರಲ್ಲಿರುವ ನಂಬರ್ ಯಾರದೆಂದು ಖಾತ್ರಿ ಮಾಡಿಕೊಳ್ಳಿ.