ಹನ್ನೆರಡು ಜನರ ಮೇಲೆ ಹೊರಿಸಿದ ಚರಿತ್ರೆ

ಎಜ್ರಾ ಎಡೆಲ್‌ಮನ್ ಅವರ ‘ಓ.ಜೆ.: ಮೇಡ್ ಇನ್ ಅಮೆರಿಕ’ 2016ರಲ್ಲಿ ಬಂದಿತು, ಮರುವರ್ಷ ಆಸ್ಕರ್ ಪಡೆಯಿತು. ಈ 467 ನಿಮಿಷಗಳ ಸಾಕ್ಷ್ಯಚಿತ್ರದ ನಂತರ, ನಿಕೋಲ್ ಬ್ರೌನ್ ಮತ್ತು ರೊನಾಲ್ಡ್ ಗೋಲ್ಡ್‌ಮನ್ ಅವರ ಕೊಲೆಯ ಆರೋಪದಿಂದ ಓ.ಜೆ. ಸಿಂಪ್ಸನ್ ಬಿಡುಗಡೆಯಾದ ಪ್ರಕರಣದ ಬಗ್ಗೆ ಹೇಳಲು ಏನೂ ಉಳಿದಿಲ್ಲ ಎಂಬ ಮಾತು ವಿಮರ್ಶಕರ ನಡುವೆ ಬೇರೂರಿದೆ. ನಾನದನ್ನು ಒಪ್ಪಲಾರೆ. ಎಲ್ಲರೂ ಹೊಗಳುವ ಅದರ ಗುಣವೇ ಜ್ಯೂರಿಯಲ್ಲಿ ಕೂತ ಹನ್ನೆರಡು ಜನರಿಗೆ ಅನ್ಯಾಯ ಮಾಡಿದೆ.

ಆ ಗುಣ ಜೋಡಣೆಯದು. ಒಂದು ಕಡೆ ಬಿಳಿಯರ ಮೆಚ್ಚಿನ ಕಪ್ಪು ಫುಟ್‌ಬಾಲ್ ಆಟಗಾರ ಸಿಂಪ್ಸನ್, ಹರ್ಟ್ಸ್ ಜಾಹೀರಾತಿನಲ್ಲಿ ವಿಮಾನ ನಿಲ್ದಾಣದುದ್ದಕ್ಕೂ ಓಡುವವನು. ಇನ್ನೊಂದು ಕಡೆ ಅದೇ ಲಾಸ್ ಏಂಜಲೀಸ್‌ನಲ್ಲಿ 1979ರಲ್ಲಿ ಪೊಲೀಸರ ಗುಂಡಿಗೆ ಸತ್ತ ಯೂಲಾ ಲವ್, 1991ರಲ್ಲಿ ಅಂಗಡಿಯೊಂದರಲ್ಲಿ ಕೊಲೆಯಾದ ಹದಿನೈದರ ಹುಡುಗಿ ಲಟಾಶಾ ಹಾರ್ಲಿನ್ಸ್, ರಾಡ್ನಿ ಕಿಂಗ್ ಮೈಮೇಲೆ ಬಿದ್ದ ಪೊಲೀಸರ ಲಾಠಿಗಳು. ಈ ಎರಡು ಲೋಕಗಳನ್ನು ಅಕ್ಕಪಕ್ಕ ಇಟ್ಟ ಮೊದಲ ಭಾಗಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಜೋಡಣೆ ಕೊನೆಗೆ ತಲುಪುವ ಜಾಗದ ಬಗ್ಗೆ.

ಜ್ಯೂರಿಯಲ್ಲಿದ್ದ ವಯಸ್ಸಾದ ಕಪ್ಪು ಹೆಂಗಸೊಬ್ಬರು ಕ್ಯಾಮೆರಾ ಎದುರು ಕೂತಿದ್ದಾರೆ. ರಾಡ್ನಿ ಕಿಂಗ್‌ಗಾಗಿಯೇ ಸಿಂಪ್ಸನ್‌ನನ್ನು ಬಿಟ್ಟವರು ಜ್ಯೂರಿಯಲ್ಲಿದ್ದರೇ ಎಂಬ ಪ್ರಶ್ನೆ ಬರುತ್ತದೆ. ಹೌದು ಎನ್ನುತ್ತಾರೆ. ಎಷ್ಟು ಜನ? ಬಹುಶಃ ಶೇಕಡ 90. ನೀವೂ? ಹೌದು. ಅದು ಸರಿಯೇ? ಅವರು ಮಾತಾಡುವುದಿಲ್ಲ, ಭುಜ ಕುಣಿಸಿ ಕೈ ಎತ್ತುತ್ತಾರೆ. ಐದಾರು ಗಂಟೆ ಚರಿತ್ರೆ ನೋಡಿ ಬಂದ ಪ್ರೇಕ್ಷಕನಿಗೆ ಉತ್ತರ ಸಿಕ್ಕಿಬಿಟ್ಟಿತು: ತೀರ್ಪು ಸೇಡು. ಈ ದೃಶ್ಯವನ್ನು ಉಲ್ಲೇಖಿಸುವವರು ಅಲ್ಲಿಗೇ ನಿಲ್ಲುತ್ತಾರೆ.

ಆದರೆ ಲೆಕ್ಕ ಹಾಕಿ ನೋಡಿ. ಹನ್ನೆರಡರಲ್ಲಿ ಕಪ್ಪು ಸದಸ್ಯರು ಒಂಬತ್ತು, ಬಿಳಿಯರು ಇಬ್ಬರು, ಹಿಸ್ಪಾನಿಕ್ ಒಬ್ಬರು. ಶೇಕಡ 90 ಎಂದರೆ ಹೆಚ್ಚುಕಡಿಮೆ ಹನ್ನೊಂದು ಜನ. ಹಾಗಾದರೆ ಒಬ್ಬ ಬಿಳಿಯರಾದರೂ ಕಿಂಗ್‌ನ ಸೇಡು ತೀರಿಸಿಕೊಂಡಿರಬೇಕು. ಯಾರಾದರೂ ಇದನ್ನು ನಂಬುತ್ತಾರೆಯೇ? ಇಪ್ಪತ್ತು ವರ್ಷಗಳ ನಂತರ ಒಬ್ಬರು ಅಂದಾಜಿನಲ್ಲಿ ಆಡಿದ ಮಾತನ್ನು ಚಿತ್ರ ಹನ್ನೆರಡು ಮನಸ್ಸುಗಳೊಳಗಿನ ಸತ್ಯವೆಂಬಂತೆ ನಿಲ್ಲಿಸುತ್ತದೆ. ಆ ಮೌನದ ಮೇಲೆ ಕ್ಯಾಮೆರಾ ತಡೆದು ನಿಲ್ಲುವ ರೀತಿಯಲ್ಲೇ ಒಂದು ತೀರ್ಪಿದೆ.

ಜ್ಯೂರಿಯ ಮುಂದೆ ನಿಜವಾಗಿ ಏನಿತ್ತು? ಸಿಂಪ್ಸನ್‌ನಿಂದ ತೆಗೆದ ರಕ್ತದ ಸೀಸೆಯನ್ನು ಪತ್ತೇದಾರ ವ್ಯಾನಟರ್ ಸಾಕ್ಷ್ಯವಾಗಿ ಒಪ್ಪಿಸದೆ ಆರೋಪಿಯ ಮನೆಗೇ ಒಯ್ದಿದ್ದ. ಪತ್ತೇದಾರ ಫರ್ಮನ್ ಹತ್ತು ವರ್ಷಗಳಿಂದ ಕಪ್ಪು ಜನರನ್ನು ಹೀಗಳೆಯುವ ಜನಾಂಗೀಯ ಬೈಗುಳವನ್ನು ಬಳಸಿಯೇ ಇಲ್ಲವೆಂದು ಪ್ರಮಾಣ ಮಾಡಿ ಹೇಳಿದ್ದ. ಅದು ಸುಳ್ಳೆಂದು ಅವನದೇ ಮಾತಿನ ಧ್ವನಿಸುರುಳಿಗಳು ತೋರಿಸಿದವು. ಅವುಗಳಿಂದಲೂ ಜ್ಯೂರಿಗೆ ತಲುಪಿದ್ದು ಎರಡೇ ತುಣುಕು. ಫರ್ಮನ್ ಮುಂದೆ ಉತ್ತರಿಸಲು ನಿರಾಕರಿಸಿದಾಗ ಜ್ಯೂರಿ ಸದಸ್ಯರು ಕೋರ್ಟಿನಲ್ಲಿರಲಿಲ್ಲ. ಸುಮಾರು 9.5 ಕೋಟಿ ಜನ ಟೀವಿಯಲ್ಲಿ ನೋಡಿದ ಸಿಂಪ್ಸನ್ ಇದ್ದ ಬ್ರಾಂಕೊ ಕಾರನ್ನು ಪೊಲೀಸರು ಬೆನ್ನಟ್ಟಿದ ದೃಶ್ಯವನ್ನು ಪ್ರಾಸಿಕ್ಯೂಷನ್ ಸಾಕ್ಷ್ಯವಾಗಿ ಮಂಡಿಸಲೇ ಇಲ್ಲ. ದೇಶ ಒಂದು ಪ್ರಕರಣವನ್ನು ನೋಡಿತು, ಜ್ಯೂರಿ ಇನ್ನೊಂದನ್ನು. 1997ರ ಸಿವಿಲ್ ಜ್ಯೂರಿ ನಿಕೋಲ್ ಬ್ರೌನ್ ಮತ್ತು ರೊನಾಲ್ಡ್ ಗೋಲ್ಡ್‌ಮನ್ ಸಾವಿಗೆ ಸಿಂಪ್ಸನ್‌ನನ್ನು ಹೊಣೆ ಮಾಡಿತು. ನಾನೂ ಅದನ್ನೇ ನಂಬುತ್ತೇನೆ. ಆದರೆ ಕ್ರಿಮಿನಲ್ ಕೋರ್ಟು ಕೇಳುವ ಮಟ್ಟದ ರುಜುವಾತು ಸಿಗಲಿಲ್ಲವೆಂದು ಆ ಹನ್ನೆರಡು ಜನ ಪ್ರಾಮಾಣಿಕವಾಗಿಯೇ ತೀರ್ಮಾನಿಸಿರಬಹುದು. ಈ ಸಾಧ್ಯತೆಗೆ ಚಿತ್ರ ಕೊಡುವ ಜಾಗ ಬಹಳ ಕಡಿಮೆ.

ಇಲ್ಲಿ ಜೆಫ್ರಿ ಟೂಬಿನ್ ಅವರೊಡನೆ ಜಗಳವಾಡದೆ ವಿಧಿಯಿಲ್ಲ. ಇದೇ ಪ್ರಕರಣದ ಮೇಲಿನ ಅವರ 1996ರ ಪುಸ್ತಕ ‘ದಿ ರನ್ ಆಫ್ ಹಿಸ್ ಲೈಫ್’ 2016ರ ಟೀವಿ ಧಾರಾವಾಹಿಗೆ ಆಧಾರವಾಯಿತು. ಈ ಚಿತ್ರದಲ್ಲೂ ಅವರು ಮಾತಾಡುತ್ತಾರೆ. ಅಪರಾಧಿಯನ್ನು ಉಳಿಸಲು ವಕೀಲರು ಜನಾಂಗದ ದಾಳ ಉರುಳಿಸಿದರು ಎಂಬುದು ಅವರ ವಾದದ ಜೀವ. ವಕೀಲರ ತಂತ್ರ ಅದಾಗಿತ್ತು, ನಿಜ. ಫರ್ಮನ್‌ನ ನಾಲಿಗೆಯನ್ನು ಯಾವ ವಕೀಲ ತಯಾರಿಸಿದ? ಆ ಸುರುಳಿಗಳ ಧ್ವನಿಮುದ್ರಣ ಶುರುವಾದದ್ದು 1985ರಲ್ಲಿ, ಚಿತ್ರಕಥೆ ಬರೆಯುತ್ತಿದ್ದ ಹೆಂಗಸೊಬ್ಬರ ಮುಂದೆ, ಕೊಲೆಗಳಿಗೆ ಒಂಬತ್ತು ವರ್ಷ ಮೊದಲು. ಜನಾಂಗವನ್ನು ಸಿಂಪ್ಸನ್ ವಕೀಲ ಕೊಕ್ರನ್ ಕೋರ್ಟಿಗೆ ತಂದರು ಎನ್ನುವವರು, ಅದು ಪೊಲೀಸರ ಜೊತೆಗೇ ಒಳಗೆ ಬಂದಿತ್ತು ಎಂಬುದನ್ನು ಮರೆಯುತ್ತಾರೆ. 1994ರ ಜೂನ್ 27ರ ‘ಟೈಮ್’ ಮುಖಪುಟದ ಸಿಂಪ್ಸನ್ ಮುಖ ಮೂಲ ಫೋಟೋಗಿಂತ ಕಪ್ಪಾಗಿತ್ತು. ಅದೇ ಫೋಟೋ ಬದಲಾವಣೆಯಿಲ್ಲದೆ ‘ನ್ಯೂಸ್‌ವೀಕ್’ ಮುಖಪುಟದಲ್ಲಿ ಬಂದಿತ್ತು. ಆಗಿನ್ನೂ ಜ್ಯೂರಿಯ ಆಯ್ಕೆಯೂ ಆಗಿರಲಿಲ್ಲ.

ತೀರ್ಪು ಬಂದ 1995ರ ಅಕ್ಟೋಬರ್ 3ರಂದು ಬಿಳಿಯರ ಸಿಟ್ಟು ನ್ಯಾಯದ ಸಿಟ್ಟೆನಿಸಿತು, ಕಪ್ಪು ಜನರ ಸಂಭ್ರಮಕ್ಕೆ ಮಾತ್ರ ಸಮಜಾಯಿಷಿ ಕೊಡಬೇಕಾಯಿತು. ಚಿತ್ರ ಎರಡನ್ನೂ ತೋರಿಸುತ್ತದೆ, ಸಮಜಾಯಿಷಿಯನ್ನು ಒಂದೇ ಕಡೆಯಿಂದ ಕೇಳುತ್ತದೆ. ಸರಿಯಾಗಿ ಹದಿಮೂರು ವರ್ಷಗಳ ನಂತರ, ಅದೇ ಅಕ್ಟೋಬರ್ 3ರಂದು, ಲಾಸ್ ವೇಗಸ್‌ನ ದರೋಡೆ ಪ್ರಕರಣದಲ್ಲಿ ಸಿಂಪ್ಸನ್ ಅಪರಾಧಿಯೆಂದು ತೀರ್ಮಾನವಾಯಿತು. ಆ ಜ್ಯೂರಿಯಲ್ಲಿ ಒಬ್ಬ ಕಪ್ಪು ಸದಸ್ಯರೂ ಇರಲಿಲ್ಲ. ಶಿಕ್ಷೆ ಗರಿಷ್ಠ 33 ವರ್ಷ. ಅದೂ ಸೇಡೇ ಇರಬೇಕೆಂಬ ಮಾತಿಗೆ ಚಿತ್ರ ಕಿವಿಗೊಡುತ್ತದೆ, ಅದು ಅದರ ಹೆಗ್ಗಳಿಕೆ. ಆದರೆ ಆ ಜ್ಯೂರಿಯ ಯಾರನ್ನೂ ಆ ಹೆಂಗಸಿನಂತೆ ಕ್ಯಾಮೆರಾ ಎದುರು ಕೂರಿಸಿ, ನೀವು ಮಾಡಿದ್ದು ಸರಿಯೇ ಎಂದು ಕೇಳಿ, ಉತ್ತರಕ್ಕಾಗಿ ಕಾಯುವ ದೃಶ್ಯ ನನ್ನ ನೆನಪಿನಲ್ಲಿ ಉಳಿದಿಲ್ಲ.