ಬೊಬ್ಬೆಯೊಳಗಿನ ನಗು

1990ರ ದಶಕದಲ್ಲಿ ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಎರಡು ವರ್ಷ ಕೆಲಸಕ್ಕಿದ್ದೆ. ನೋಟ್ಸಿನ ಕಟ್ಟು ಕೊಟ್ಟು ಕಾಯುವ ಹಾಸ್ಟೆಲ್ ಹುಡುಗರು ಅಂಗಡಿಯ ಟೇಪ್‌ರೆಕಾರ್ಡರಿಗೆ ತಮ್ಮ ಕ್ಯಾಸೆಟ್ ಹಾಕಿಸುತ್ತಿದ್ದರು. ಇಂಗ್ಲೆಂಡಿನ ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡು ನನ್ನ ಕಿವಿಗೆ ಬಿದ್ದದ್ದು ಹಾಗೆ. ಹಾಡುವವನು ಹಾಡುತ್ತಿರಲಿಲ್ಲ, ಕಿರುಚುತ್ತಿದ್ದ. ಗಿಟಾರು ಕಲ್ಲು ಒಡೆಯುವ ಮಿಶನ್ನಿನ ಹಾಗೆ ಕೇಳುತ್ತಿತ್ತು. "ಇದು ಬರೀ ಸಿಟ್ಟಲ್ಲ, ವ್ಯಂಗ್ಯ. ರಾಣಿಯನ್ನೇ ಗೇಲಿ ಮಾಡ್ತಾರೆ" ಎಂದು ಒಬ್ಬ ಹುಡುಗ ತಾಳ್ಮೆಯಿಂದ ವಿವರಿಸಿದ. ಅದೇ ವಾರ ಉಡುಪಿಯಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆ. ತಮಟೆ ಬಡಿದು ನಮ್ಮವರು ಹಾಡುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದ ಅದೇ ಹುಡುಗ, ಕನ್ನಡ ಬಲ್ಲವನೇ, ನನ್ನ ಕಡೆ ತಿರುಗಿ ಹೇಳಿದ: "ಇದರಲ್ಲಿ ಎಂತ ಉಂಟು ಮಾರಾಯ? ಬರೀ ಬೊಬ್ಬೆ."

ಆ ಹುಡುಗನ ಮೇಲೆ ನನಗೆ ಈಗ ಕೋಪವಿಲ್ಲ. ಅವನು ಹೇಳಿದ್ದನ್ನೇ ಕನ್ನಡ ವಿಮರ್ಶೆ ಇನ್ನಷ್ಟು ಮರ್ಯಾದೆಯ ಮಾತಿನಲ್ಲಿ ಹೇಳುತ್ತ ಬಂದಿದೆ. ದಲಿತರ ಹಾಡು ಎಂದರೆ 'ಆಕ್ರೋಶ'. ಹೊಗಳುವವರೂ ಅದನ್ನೇ ಹೇಳಿದರು, ತೆಗಳುವವರೂ ಅದನ್ನೇ ಹೇಳಿದರು. ಬಿಳಿಯ ಹುಡುಗ ಕಿರುಚಿದರೆ ಅದರೊಳಗೆ ಬುದ್ಧಿಯಿದೆ ಎಂದು ಹುಡುಕುವ ಕಿವಿ, ಕೇರಿಯವನು ಕೂಗಿದರೆ ಗಂಟಲನ್ನು ಮಾತ್ರ ಕೇಳುತ್ತದೆ. ಸಿಟ್ಟನ್ನು ಒಪ್ಪಿಕೊಳ್ಳುವುದು ಸುಲಭ, ಅದಕ್ಕೆ ಅನುಕಂಪ ತೋರಿಸಿ ಮುಗಿಸಬಹುದು. ಆದರೆ ವ್ಯಂಗ್ಯವನ್ನು ಒಪ್ಪಿಕೊಂಡರೆ ಇವನು ನಮ್ಮನ್ನು ನೋಡಿ ನಗುತ್ತಿದ್ದಾನೆ, ನಮಗಿಂತ ಚೆನ್ನಾಗಿ ನಮ್ಮನ್ನು ಬಲ್ಲ ಎಂದು ಒಪ್ಪಬೇಕಾಗುತ್ತದೆ.

ಪಂಕ್ ಎಂಬ ಆ ಸಂಗೀತ ಏನು ಮಾಡಿತು? 1977ರಲ್ಲಿ ಬ್ರಿಟನ್ನು ರಾಣಿ ಅಧಿಕಾರಕ್ಕೆ ಬಂದ 25ನೇ ವರ್ಷದ ಸಂಭ್ರಮದಲ್ಲಿತ್ತು. ಕೆಲಸವಿಲ್ಲದ ಹುಡುಗರು ತುಂಬಿದ್ದ ದೇಶ. ಸೆಕ್ಸ್ ಪಿಸ್ಟಲ್ಸ್ ತಂಡ ರಾಷ್ಟ್ರಗೀತೆಯ ಹೆಸರನ್ನೇ ಎತ್ತಿಕೊಂಡು ತನ್ನ ಹಾಡಿಗೆ ಇಟ್ಟಿತು. ಬಿಬಿಸಿ ಅದನ್ನು ಹಾಕಲು ನಿರಾಕರಿಸಿತು. ಅದೇ ವರ್ಷ ಪಾಲಿ ಸ್ಟೈರೀನ್ ಎಂಬ ಹುಡುಗಿ, ಸೊಮಾಲಿ ತಂದೆಯ ಮಗಳು, ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡಿರಬೇಕೆಂಬ ಅರ್ಥದ ಹಳೇ ಗಾದೆಯನ್ನು ಮೆತ್ತಗೆ ನುಡಿದು, ಮರುಕ್ಷಣ ಕಿವಿ ಹರಿಯುವಂತೆ ಕೂಗಿದಳು. ಕೂಗೇ ಗಾದೆಗೆ ಉತ್ತರ. ಇಲ್ಲಿ ಸಿಟ್ಟು ಬೇರೆ, ಚಮತ್ಕಾರ ಬೇರೆ ಅಲ್ಲ.

ಇನ್ನೂ ಒಂದು ಸಂಗತಿ ಇದೆ. 1976ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಜಾತ್ರೆಯಲ್ಲಿ ಕಪ್ಪು ಯುವಕರಿಗೂ ಪೊಲೀಸರಿಗೂ ಹೊಡೆದಾಟವಾಯಿತು. ಅದನ್ನು ಕಣ್ಣಾರೆ ಕಂಡ ಕ್ಲ್ಯಾಶ್ ತಂಡದವರು, ಬಿಳಿಯ ಬಡವರಿಗೂ ಇಂಥದೊಂದು ದಂಗೆ ಬೇಕು ಎಂಬ ಅರ್ಥದ ಹಾಡು ಮಾಡಿದರು. ಅಂದರೆ ಪಂಕ್‌ನ ಸಿಟ್ಟಿನಲ್ಲಿ ಒಂದಿಷ್ಟು ಕಪ್ಪು ಜನರಿಂದ ಕಲಿತದ್ದು. ಮೂಲದವರದು ಗಲಭೆ, ಕಲಿತವರದು ಕಲೆ! ಈ ಲೆಕ್ಕ ನಮಗೆ ಹೊಸದಲ್ಲ.

ಈಗ ನಮ್ಮ ಕಡೆ ಬರೋಣ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಊರೂರಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರ ಮಂತ್ರಿಗಿರಿ ಹೋಯಿತು. ಆ ಪದವನ್ನು ಆರೋಪವಾಗಿ ಕೇಳಿದರು, ಬೈಗುಳವಾಗಿ ಕೇಳಿದರು. ಅದೊಂದು ಒಳ್ಳೆಯ ಜೋಕು ಕೂಡ ಎಂದು ಎಷ್ಟು ಜನಕ್ಕೆ ಅನ್ನಿಸಿತು? ದನದ ಕೊಟ್ಟಿಗೆಯಲ್ಲಿ ದುಡಿದವರ ಮಕ್ಕಳಿಗೆ ಮಾತ್ರ ಹೊಳೆಯುವ ಹೋಲಿಕೆ ಅದು. ದಲಿತ ಚಳವಳಿಯ ಹಿಂದೆ ಈ ಒಂದು ಪದದ ಗೇಲಿಯೂ ಇದೆ ಎಂಬುದನ್ನು ನಾವು ಮರೆಯಬಾರದು.

1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದರಲ್ಲಿನ ಹೊಡೆಯಿರಿ, ಒದೆಯಿರಿ ಎಂಬ ಕರೆ ಎಲ್ಲರಿಗೂ ನೆನಪಿದೆ. ಹೆದರಿದವರೂ ಅದನ್ನೇ ಉದಾಹರಿಸಿದರು, ಮೆಚ್ಚಿದವರೂ ಅದನ್ನೇ. ಆದರೆ ಆ ಕವಿತೆ ಮುಂದಿಡುವ ದೂರುಗಳನ್ನು ನೋಡಿ. ದೇವರೊಬ್ಬನೇ ಎಂದು ಉಪದೇಶ ಮಾಡುವವರೇ ಬೀದಿಗೊಂದು ಬಗೆಯ ಗುಡಿ ಎಬ್ಬಿಸಿದ ವಿಪರ್ಯಾಸವನ್ನು ಒಬ್ಬ ಹಳ್ಳಿಗ ಕಣ್ಣು ಮಿಟುಕಿಸಿ ಹೇಳುವ ಹಾಗಿದೆ. ಭಾಷೆ ಯಾರದು? ಕೇರಿಯದು. ಆದರೆ ಹೊಡಿ, ಒದಿ ಎಂಬ ಆಜ್ಞೆ ಊರಿನದು, ತಲೆತಲಾಂತರದಿಂದ ನಮ್ಮ ಬೆನ್ನಿನ ಮೇಲೆ ಬಿದ್ದದ್ದು. ಆ ಆಜ್ಞೆಯನ್ನೇ ಕಿತ್ತುಕೊಂಡು ವಾಪಸು ಆಡಿ ತೋರಿಸುವುದು ಅಣಕದ ಕೆಲಸ. ಸೆಕ್ಸ್ ಪಿಸ್ಟಲ್ಸ್ ರಾಷ್ಟ್ರಗೀತೆಗೆ ಮಾಡಿದ್ದೂ ಇದನ್ನೇ, ಎರಡು ವರ್ಷ ತಡವಾಗಿ. ಸ್ವಾತಂತ್ರ್ಯ ಯಾರ ಮನೆ ಮುಟ್ಟಿತು ಎಂದು ಕೇಳುವ ಅವರ ಇನ್ನೊಂದು ಹಾಡಂತೂ ತಪ್ಪು ವಿಳಾಸಕ್ಕೆ ಹೋದ ಪಾರ್ಸಲನ್ನು ಹುಡುಕುವವನ ಧಾಟಿಯಲ್ಲಿದೆ. ಸಭೆಗಳಲ್ಲಿ ಜನ ಅದಕ್ಕೆ ನಕ್ಕದ್ದನ್ನು ನಾನು ನೋಡಿದ್ದೇನೆ. ಪುಸ್ತಕಗಳಲ್ಲಿ ಆ ನಗುವಿನ ಸುದ್ದಿ ಬಹಳ ಕಡಿಮೆ.

ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಬಂದಾಗ ಡಿ.ಆರ್. ನಾಗರಾಜ್ ಬಡವರ ನಗುವಿನ ಶಕ್ತಿಯ ಬಗ್ಗೆ ಬರೆದರು. ಅದು ದೊಡ್ಡ ಒಳನೋಟ. ಆದರೆ ಆಮೇಲೆ ಒಂದು ಸುಲಭದ ಚರಿತ್ರೆ ಹುಟ್ಟಿಕೊಂಡಿತು: ಕವಿ ಮೊದಲು ಸಿಟ್ಟಾದ, ವಯಸ್ಸಾದ ಮೇಲೆ ನಕ್ಕ. 2021ರಲ್ಲಿ ಅವರು ತೀರಿಕೊಂಡಾಗಲೂ ಇದೇ ಮಾತು ಕೇಳಿಬಂತು. ನನ್ನ ತಕರಾರು ಇಲ್ಲಿದೆ. ನಗು ಆಮೇಲೆ ಬಂದದ್ದಲ್ಲ. ಮೊದಲ ಬೊಬ್ಬೆಯೊಳಗೇ ಇತ್ತು. ಕೇಳುವ ಕಿವಿ ತಡವಾಗಿ ಬಂತು, ಅಷ್ಟೆ.

ಹಾಗೆಂದು ಪಂಕ್‌ನ್ನೂ ನಮ್ಮ ಹಾಡನ್ನೂ ಸಮ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಪಂಕ್‌ನವರು ಮೂರು ಸ್ವರಮೇಳ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಬಾರಿಸಬಹುದು ಎಂದರು. ಸದ್ದು ಅವರ ಆಯ್ಕೆ. ನಮ್ಮ ಜಿಲ್ಲೆಯ ಕೊರಗರಿಗೆ ಡೋಲು ಆಯ್ಕೆಯಾಗಿರಲಿಲ್ಲ, ಅಜಲು ಆಗಿತ್ತು. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಬಾರಿಸಬೇಕು. ಧನಿಗಳ ಮನೆಯ ಶುಭಕ್ಕೂ ಅಶುಭಕ್ಕೂ ಬಾರಿಸಬೇಕು. ಕೋಣಗಳ ಹಾಗೆ ಕೊರಗರನ್ನು ಓಡಿಸುವುದು, ಉಗುರು ಕೂದಲು ಬೆರೆಸಿದ ಅನ್ನ ಕೊಡುವುದು, ಇವನ್ನೆಲ್ಲ ಅಪರಾಧವೆಂದು ಹೇಳಲು 2000ದಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಸರ್ಕಾರದ ಪಟ್ಟಿಯಲ್ಲಿ ಕೊರಗರು ಪರಿಶಿಷ್ಟ ಪಂಗಡ. ಆದರೆ ಅಸ್ಪೃಶ್ಯತೆ ಪಟ್ಟಿ ನೋಡಿ ಮುಟ್ಟಲಿಲ್ಲ.

ನಗುವಿನ ದಿಕ್ಕನ್ನೂ ಗಮನಿಸಬೇಕು. ಹಬ್ಬದ ಬೀದಿಗಳಲ್ಲಿ ಕೊರಗರ ವೇಷ ಹಾಕಿ, ಮೈಗೆ ಮಸಿ ಬಳಿದು ಜನರನ್ನು ನಗಿಸುವುದು ಇಲ್ಲಿ ಬಹುಕಾಲ ನಡೆಯಿತು. ಕೊರಗರು ಅದನ್ನು ವಿರೋಧಿಸಿದರು. "ತಮಾಷೆ ಅಲ್ವಾ, ಅದಕ್ಕೂ ಸಿಟ್ಟಾ?" ಎಂದವರಿದ್ದಾರೆ. ಮೇಲಿನಿಂದ ಕೆಳಗೆ ಬಿದ್ದರೆ ತಮಾಷೆ, ಕೆಳಗಿನಿಂದ ಮೇಲೆ ಹೋದರೆ ಬೊಬ್ಬೆ. ಉಡುಪಿ ಕನಕದಾಸರನ್ನು ಕಿಂಡಿಯ ಹೊರಗೆ ಕೈಮುಗಿದು ನಿಂತವರಾಗಿ ನೆನೆಯುತ್ತದೆ. ಅದೇ ಕನಕರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಯು ಭತ್ತವನ್ನು ಶ್ರೀಮಂತರ ಪಕ್ಷಪಾತಿ ಎಂದು ಮುಖಕ್ಕೆ ಹೇಳಿ ಜಗಳ ಆಡುತ್ತದೆ. ಆ ಜಗಳಗಂಟ ಕನಕರಿಗೆ ಯಾವ ಕಿಂಡಿಯೂ ಇಲ್ಲ.

ಡೋಲು, ತಮಟೆಗಳನ್ನು ಬಿಟ್ಟೇಬಿಡಬೇಕು, ಅದು ಗುಲಾಮಗಿರಿಯ ಗುರುತು ಎಂಬ ವಾದ ಚಳವಳಿಯೊಳಗೇ ಇದೆ. ಆ ವಾದದ ಹಿಂದಿರುವ ನೋವನ್ನು ಅಲ್ಲಗಳೆಯಲಾರೆ. ಆದರೆ 1993ರಲ್ಲಿ ಭೂಮಿಗಾಗಿ ಮಂಗಳೂರಿಗೆ ಜಾಥಾ ಹೋದದ್ದರ ನೆನಪಿಗೆ ಕೊರಗರು ಪ್ರತಿ ಆಗಸ್ಟ್ 18ಕ್ಕೆ ಭೂಮಿಹಬ್ಬ ಮಾಡುತ್ತಾರೆ. ಅಲ್ಲಿ ಬಾರಿಸುವ ಡೋಲು ಯಾರ ಅಪ್ಪಣೆಯದೂ ಅಲ್ಲ. 2018ರಲ್ಲಿ ಚೆನ್ನೈಯಲ್ಲಿ ಪಾ. ರಂಜಿತ್ ಬೆಂಬಲದಿಂದ ವೇದಿಕೆ ಹತ್ತಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಪರೈ ವಾದ್ಯವನ್ನೂ ಗಿಟಾರನ್ನೂ ಒಟ್ಟಿಗೆ ನಿಲ್ಲಿಸಿ ಮೀಸಲಾತಿ, ದನದ ಮಾಂಸದ ಬಗ್ಗೆ ನಗುತ್ತಲೇ ಹಾಡಿತು. ವಾದ್ಯದಲ್ಲಿ ಮೈಲಿಗೆ ಇಲ್ಲ, ಅಪ್ಪಣೆಯಲ್ಲಿದೆ.

ಕೊನೆಗೆ ನಮ್ಮದೇ ತಪ್ಪು. ನಮ್ಮ ಸಭೆಗಳಲ್ಲಿ ಹಾಡು ಯಾವಾಗ? ಅತಿಥಿಗಳು ಬರುವ ತನಕ. ಭಾಷಣಕಾರ ಬಂದ ಕೂಡಲೇ ಹಾಡುಗಾರನಿಗೆ ಕೈಸನ್ನೆ. ಹಾಡು ಜನ ಸೇರಿಸುವ ಗಂಟೆ, ವಿಚಾರ ಭಾಷಣದ್ದು ಎಂದು ನಾವೂ ನಂಬಿದ್ದೇವೆ. ಹಾಗಿದ್ದ ಮೇಲೆ ಮಣಿಪಾಲದ ಆ ಹುಡುಗನನ್ನು ಯಾವ ಬಾಯಲ್ಲಿ ಬೈಯುವುದು?

ನಮ್ಮಜ್ಜಿ ನಾಟಿ ಗದ್ದೆಯಲ್ಲಿ ಓಬೇಲೆ ಹಾಡುತ್ತಿದ್ದರು. ಧನಿಗಳು ಕೊಡೆ ಹಿಡಿದು ಕಟ್ಟಪುಣಿಯ ಮೇಲೆ ನಿಂತು ತಲೆದೂಗುತ್ತಿದ್ದರಂತೆ, ತಮ್ಮ ಎತ್ತುಗಳನ್ನು ಹೊಗಳುತ್ತಿದ್ದಾರೆ ಎಂದುಕೊಂಡು. ಗದ್ದೆಯಲ್ಲಿ ಬಗ್ಗಿದ ಹೆಂಗಸರೆಲ್ಲ ನಗು ತಡೆದುಕೊಳ್ಳಲು ಕಷ್ಟಪಡುತ್ತಿದ್ದರಂತೆ. ಹೊಗಳಿಕೆ ಎತ್ತಿನದಲ್ಲ, ಧನಿಗಳದ್ದೇ. ಅಜ್ಜಿ ಇದನ್ನು ಹೇಳಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆ ಹಾಡನ್ನು ಯಾವ ಜಾನಪದ ವಿದ್ವಾಂಸರೂ ಬರೆದುಕೊಂಡಿಲ್ಲ. ದಿನವಿಡೀ ಕಾಗದ ನಕಲು ಮಾಡುತ್ತಿದ್ದ ನಾನೂ ಬರೆದುಕೊಳ್ಳಲಿಲ್ಲ.