ಗೋಡೆಯನ್ನು ಕೇಳದ ವೈಫೈ

ಮನೆಗೆ ವೈಫೈ ಹಾಕಿಸುವವರ ಮೊದಲ ಪ್ರಶ್ನೆ ಗೋವಾದ ಕುಂಕಳ್ಳಿಯಲ್ಲೂ ಬೇರೆ ಊರುಗಳದ್ದೇ: ಎಷ್ಟು ಎಂಬಿಪಿಎಸ್, ತಿಂಗಳಿಗೆ ಎಷ್ಟು? ಎರಡನೆಯದು ಹಾಕಿಸಿದ ಮೇಲೆ ಹುಟ್ಟುತ್ತದೆ: ಒಳಕೋಣೆಯಲ್ಲಿ ನೆಟ್ ಯಾಕೆ ಬರುವುದಿಲ್ಲ? ಮೊದಲನೆಯದಕ್ಕೆ ಉತ್ತರ ಕರಪತ್ರದಲ್ಲೇ ಅಚ್ಚಾಗಿರುತ್ತದೆ. ಎರಡನೆಯದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಇನ್ನೂ ದುಬಾರಿಯ ಪ್ಲಾನು. ನನ್ನ ತಕರಾರು ಇರುವುದು ಅಲ್ಲೇ. ಫೈಬರ್ 100 ಎಂಬಿಪಿಎಸ್ಸನ್ನು ಬಾಗಿಲವರೆಗೆ ತಂದು ಬಿಡುತ್ತದೆ; ಅಲ್ಲಿಂದಾಚೆ ಯಜಮಾನಿಕೆ ಗೋಡೆಯದು. ಆ 100 ಕೂಡ ಬಿಟ್ ಲೆಕ್ಕದ್ದು. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್, ಅದೂ ರೌಟರಿನ ಪಕ್ಕದಲ್ಲೇ ನಿಂತರೆ.

ಈ ಕಡೆಯ ಹಳೆಯ ಮನೆಗಳು ಚಿರೆಕಲ್ಲಿನವು. ಗೋಡೆ ದಪ್ಪ, ಕಲ್ಲು ತೂತುತೂತು, ಮಳೆಗಾಲದಲ್ಲಿ ನೀರು ಹೀರಿಕೊಂಡು ತಿಂಗಳುಗಟ್ಟಲೆ ತೇವ ಬಿಡುವುದಿಲ್ಲ. ರೇಡಿಯೊ ಅಲೆಗೆ ನೀರಿನಂಥ ಶತ್ರು ಕಡಿಮೆ. ಅದರಲ್ಲೂ 5 ಗಿಗಾಹರ್ಟ್ಸ್‌ನ ಅಲೆ ವೇಗ ಕೊಡುತ್ತದೆ, ಆದರೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ, 2.4ರದು ನಿಧಾನಿ, ಆದರೆ ದೂರ ಹೋಗುತ್ತದೆ. ಹಾಗಿದ್ದೂ ರೌಟರು ಕೂರುವುದು ಎಲ್ಲಿ? ತಂತಿ ಒಳಗೆ ಬಂದ ಜಾಗದಲ್ಲಿ, ಎಂದರೆ ಮುಂಬಾಗಿಲ ಚೌಕಟ್ಟಿನ ಪಕ್ಕ. ಜಗುಲಿಯಲ್ಲಿ ಐದೂ ಕಡ್ಡಿ, ರಸ್ತೆಯಲ್ಲಿ ನಾಲ್ಕು, ಮಕ್ಕಳು ಓದುವ ಹಿಂದಿನ ಕೋಣೆಯಲ್ಲಿ ಒಂದು. ಕೆಲವರು ರೌಟರನ್ನು ಕಬ್ಬಿಣದ ಬೀರುವಿನ ಹಿಂದೆ ಅಡಗಿಸಿಡುತ್ತಾರೆ, ಚೆಂದ ಕಾಣುವುದಿಲ್ಲವೆಂದು. ಬೀರು ಒಡವೆಯನ್ನು ಕಾಯುವಷ್ಟೇ ನಿಷ್ಠೆಯಿಂದ ಸಿಗ್ನಲನ್ನೂ ಕಾಯುತ್ತದೆ.

ಎನ್‌ಐಟಿ ಗೋವಾ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯ ಕಾಯಂ ಕ್ಯಾಂಪಸ್ಸು 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದದ್ದು ರೌಟರನ್ನು ಹೀಗೆ ಇಡುವ ಇದೇ ಕುಂಕಳ್ಳಿಯಲ್ಲಿ ಎನ್ನುವುದನ್ನು ನೆನೆದರೆ ಸ್ವಲ್ಪ ನಗು ಬರುತ್ತದೆ.

ಗೋವಾದ ಹಿಂದೂ ಮನೆತನಗಳ ಹಳೆಯ ಮನೆಗಳಲ್ಲಿ ಒಂದು ಸೌಲಭ್ಯ ಉಂಟು, ಅದನ್ನು ಯಾರೂ ಬಳಸಿಕೊಳ್ಳುತ್ತಿಲ್ಲ: ನಡುವಿನ ರಾಜಾಂಗಣ. ತೆರೆದ ಅಂಗಳದಲ್ಲಿ ಅಲೆಗೆ ಅಡ್ಡಿಯಿಲ್ಲ. ಸುತ್ತಲ ಕೋಣೆಗಳೆಲ್ಲ ಅದಕ್ಕೇ ಬಾಗಿಲು ತೆರೆಯುತ್ತವೆ. ಅಂಗಳದ ಸುತ್ತಿನ ಪಡಸಾಲೆಯಲ್ಲಿ, ಮಳೆ ಎರಚಲು ತಾಗದಂತೆ, ಆಳೆತ್ತರಕ್ಕಿಂತ ಮೇಲೆ ರೌಟರು ಕೂರಿಸಿದರೆ ಅರ್ಧ ಮನೆಗೆ ಗೋಡೆಯ ಗೊಡವೆಯೇ ಇಲ್ಲ. ಬೇಕಾದದ್ದು ಇನ್ನೊಂದಷ್ಟು ಮೀಟರ್ ಫೈಬರ್, ಕೂರಿಸಲು ಬಂದ ಹುಡುಗನ ಅರ್ಧ ಗಂಟೆ. ಆ ಅರ್ಧ ಗಂಟೆ ಉಳಿಸಲು ಅಂಗಡಿಯವರು ರಿಪೀಟರ್ ಮಾರುತ್ತಾರೆ. ಅಗ್ಗದ ರಿಪೀಟರು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು. ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು ಹಿಂದಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ತುದಿಗೆ ಎರಡನೇ ರೌಟರು ಇಡುವುದು ಎಷ್ಟೋ ಮೇಲು. ಒಂದಕ್ಕೊಂದು ಮಾತಾಡಿಕೊಂಡು ಮನೆಯಿಡೀ ವೈಫೈ ಹರಡುವ ಮೆಶ್ ಪೆಟ್ಟಿಗೆಗಳನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅವೂ ಇಂಥ ಮನೆಯಲ್ಲಿ ತಂತಿಯ ಆಸರೆ ಸಿಕ್ಕರೇ ಬೆಲೆಗೆ ನ್ಯಾಯ ಸಲ್ಲಿಸುವುದು.

ಕೈಗಾರಿಕಾ ವಸಾಹತಿನ ಆಸುಪಾಸಿನ ಬಾಡಿಗೆ ಚಾಳುಗಳಲ್ಲಿ ರೋಗವೇ ಬೇರೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಗೋವಾದ ತುಂಬ ಇಂಥ ಸಾಲುಕೋಣೆಗಳಲ್ಲೇ ಸಂಸಾರ ಹೂಡಿದ್ದಾರೆ. ಗೋಡೆ ತೆಳು. ಆದರೂ ಕೇಳಿಬರುವುದು ‘ಸಿಗ್ನಲ್ ಫುಲ್ ಐತ್ರಿ, ವಿಡಿಯೊ ಮಾತ್ರ ತಿರಗ್ತಾನ ಇರ್ತೈತಿ’ ಎಂಬ ಮಾತು. ಪಕ್ಕಪಕ್ಕದ ರೌಟರುಗಳೆಲ್ಲ 2.4ರಲ್ಲೇ ಕೂಗಾಡುತ್ತಿರುತ್ತವೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಭಾರತದಲ್ಲಿ 2.4 ಪರವಾನಗಿಯಿಲ್ಲದೆ ಮುಕ್ತವಾದದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನ ದೊಡ್ಡ ಹರವು, 605 ಮೆಗಾಹರ್ಟ್ಸ್, 2018ರ ಅಕ್ಟೋಬರಿನಲ್ಲಿ. ಆ ಹರವು ಚಾಳಿಗೆ ಹೇಳಿ ಮಾಡಿಸಿದ್ದು: ತೆಳು ಗೋಡೆಯೊಳಗಿನ ಸಣ್ಣ ಕೋಣೆಗೆ 5ರ ಅಲೆ ಸಾಕು, ನೆರೆಯವರ ಕಡೆ ಹೋಗುವಷ್ಟರಲ್ಲಿ ಅದು ಸೊರಗುವುದೂ ಲಾಭವೇ. ಚಿರೆಕಲ್ಲಿನ ಮನೆಗೂ ಚಾಳಿಗೂ ಮದ್ದು ತದ್ವಿರುದ್ಧ. ಕೂರಿಸುವವರು ಎರಡಕ್ಕೂ ಒಂದೇ ಪೆಟ್ಟಿಗೆಯನ್ನು ಒಂದೇ ಸೆಟ್ಟಿಂಗಿನಲ್ಲಿ ಬಿಟ್ಟು ಹೋಗುತ್ತಾರೆ.

ಬಿಟ್ಟು ಹೋಗುವ ಮುನ್ನ ಪಾಸ್‌ವರ್ಡಿಗೆ ಯಜಮಾನರ ಮೊಬೈಲ್ ನಂಬರು ಹೊಡೆಯುತ್ತಾರೆ. ಈ ರೂಢಿಯಷ್ಟು ಕೆಟ್ಟದ್ದು ಇಡೀ ಕೆಲಸದಲ್ಲಿ ಇನ್ನೊಂದಿಲ್ಲ. ನಮ್ಮ ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವುದರಿಂದ ಇರುವುದೇ 400 ಕೋಟಿ ಸಾಧ್ಯತೆ. ರೌಟರಿಗೂ ಫೋನಿಗೂ ನಡೆಯುವ ಮೊದಲ ಸಂವಾದವನ್ನು ರಸ್ತೆಯಲ್ಲಿ ನಿಂತು ಹಿಡಿದವನಿಗೆ, ಡಬ್ಲ್ಯುಪಿಎ2 ಭದ್ರತೆ ಇದ್ದರೂ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನಿಂದ ಅಷ್ಟನ್ನೂ ಪರೀಕ್ಷಿಸುವುದು ಹೆಚ್ಚೆಂದರೆ ಕೆಲವು ಗಂಟೆಗಳ ಕೆಲಸ. ಅಂಗಡಿಯ ಬೋರ್ಡಿನಲ್ಲೇ ಆ ನಂಬರು ಬರೆದಿದ್ದರೆ ಅಷ್ಟೂ ಬೇಡ. ವೈಫೈನ ಹೆಸರು ಮರೆಮಾಡಿದರೆ ಸುರಕ್ಷಿತವೇ ಎಂದು ಹಲವರು ಕೇಳುತ್ತಾರೆ. ಇಲ್ಲ, ಹುಡುಕುವವನಿಗೆ ಅದು ಕ್ಷಣಮಾತ್ರದ ಅಡ್ಡಿ. ಸಂಬಂಧವಿಲ್ಲದ ನಾಲ್ಕೈದು ಪದ ಪೋಣಿಸಿ ಪಾಸ್‌ವರ್ಡ್ ಮಾಡಿ, ಡಬ್ಲ್ಯುಪಿಎ3 ಇದ್ದರೆ ಅದನ್ನು ಆಯ್ದುಕೊಂಡು, ಗುಂಡಿ ಒತ್ತಿ ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಲ್ಲಿಸಿಬಿಡಬೇಕು. ಅದರ ಪಿನ್ನಿನ ದೋಷ 2011ರಲ್ಲೇ ಬಯಲಾಗಿದೆ. ಬಂದುಹೋಗುವವರಿಗೆ, ಸ್ಮಾರ್ಟ್ ಬಲ್ಬಿಗೆ, ಕ್ಯಾಮೆರಾಗೆ ಗೆಸ್ಟ್ ನೆಟ್‌ವರ್ಕ್. ರೌಟರಿನ ಒಳಪುಟ ತೆರೆಯುವ ಅಡ್ಮಿನ್ ಪಾಸ್‌ವರ್ಡು ಬೇರೆಯೇ ಇರುತ್ತದೆ, ಅದನ್ನೂ ಬದಲಿಸಬೇಕು. ಹಣ ಕೊಡುವ ಮುನ್ನ ಕೂರಿಸಲು ಬಂದವನಿಂದ ಅದನ್ನು ಕೇಳಿ ಬರೆದುಕೊಳ್ಳಿ. ಎಷ್ಟೋ ಸಲ ಅವನು ಅದನ್ನು ತಾನೇ ಇಟ್ಟುಕೊಂಡು ಹೊರಟುಬಿಡುತ್ತಾನೆ.